ಗಾಂಜಾ ಕೊರೊನಾಗೆ ಮದ್ದಲ್ಲ: ಒಂದು ಸ್ಪಷ್ಟನೆ

‘ಗಾಂಜಾ ಕೊರೊನಾಗೆ ಮದ್ದು, ಅದಕ್ಕೇ 2020ರಲ್ಲಿ ಅಮೆರಿಕದವರು ಅದರ ಅಂಗಡಿ ಮುಚ್ಚಲಿಲ್ಲ’ ಎಂಬ ಸಂದೇಶ ಮಂಜೇಶ್ವರ, ಕುಂಬಳೆ ಕಡೆಯ ಗ್ರೂಪುಗಳಲ್ಲಿ ಓಡಾಡುತ್ತಿದೆ. ಸರಿಯಾಗಿ ನೋಡದೆ ನಾನೂ ಕಳಿಸಿದ್ದೆ. ಅದು ತಪ್ಪು.

ಆ ಮಾರ್ಚ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮೋಜಿಗಾಗಿ ಬಳಸುವವರಿಗೆ ಗಾಂಜಾ ಮಾರುವ ಅಂಗಡಿಗಳನ್ನು ಮುಚ್ಚಿಸಿದ್ದರು. ರೋಗಿಗಳಿಗೆ ಕೊಡುವವು ಮಾತ್ರ ತೆರೆದಿದ್ದವು. ಮೊದಲಿಂದಲೂ ನೋವಿಗೆ, ಫಿಟ್ಸ್‌ಗೆ ಬಳಸುತ್ತಿದ್ದವರ ಮದ್ದು ನಿಲ್ಲಬಾರದು ಅಂತ, ಅಷ್ಟೇ. ಆಗ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡು ನೆನಪಿದೆ ಅಲ್ವಾ? ಗಾಂಜಾ ಗಿಡದಿಂದ ತೆಗೆಯುವ ಸಿಬಿಡಿ ಎಣ್ಣೆಯನ್ನು ಕೊರೊನಾ ಮದ್ದೆಂದು ಮಾರಿದ ಕಂಪನಿಗಳಿಗೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಪತ್ರವನ್ನೇ ಕಳಿಸಿತ್ತು.

ನಮ್ಮಲ್ಲಂತೂ 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆ ಪ್ರಕಾರ ಗಾಂಜಾ ಇಟ್ಟುಕೊಂಡರೂ ಕೇಸು. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅಲ್ಲೇ ಈ ಸ್ಪಷ್ಟನೆಯನ್ನೂ ಹಾಕಿ.