ರಾಕ್ಷಸನಿಗೆ ಗೋಧಿ ಬಣ್ಣ

ನಮ್ಮ ಅಕ್ಕನ ಮಗ ಹೋದ ವಾರ ‘ಅಡಚಣೆಗಾಗಿ ಕ್ಷಮಿಸಿ’ಗೆ ಬಣ್ಣ ಹಾಕಿದ.

ತಮಾಷೆ ಅಲ್ಲ. ದೂರದರ್ಶನದಲ್ಲಿ ಕಾರ್ಯಕ್ರಮ ಮಧ್ಯದಲ್ಲಿ ಕೈಕೊಟ್ಟರೆ ಒಂದು ಬರಹ ಬಂದು ನಿಲ್ಲುತ್ತಿತ್ತಲ್ಲ, ಈಗ ಹೋಗುತ್ತೆ ಆಗ ಹೋಗುತ್ತೆ ಅಂತ ಅದನ್ನೇ ನೋಡಿಕೊಂಡು ಕೂತಿರುತ್ತಿದ್ದೆವಲ್ಲ, ಅದಕ್ಕೆ. ಹಿಂದೆ ತಿಳಿ ನೀಲಿ, ಅಕ್ಷರಕ್ಕೆ ಬಂಗಾರದ ಬಣ್ಣ, ಅಂಚಿಗೆ ಸ್ವಲ್ಪ ಹೊಳಪು. ಫೋರ್ ಕೆ ಬೇರೆ ಮಾಡಿದ್ದಾನೆ. “ಮಾಮ, ಹೇಗಿದೆ?” ಅಂತ ಕೇಳಿದ. “ಚೆನ್ನಾಗಿದೆ ಕಣೋ, ಕಾರ್ಯಕ್ರಮ ಯಾವಾಗ ಶುರು ಆಗುತ್ತೆ?” ಅಂದೆ. ಎರಡು ದಿನ ಮಾತಾಡಲಿಲ್ಲ.

ಅವನದೊಂದು ವಾಟ್ಸ್‌ಆ್ಯಪ್ ಗುಂಪಿದೆ. ತುಮಕೂರಿನ ಸುತ್ತಮುತ್ತಲ ಹಳೇ ಟೀವಿ ಅಭಿಮಾನಿಗಳು. ಅರ್ಧ ಜನ ರಿಟೈರ್ ಆದವರು, ಇನ್ನರ್ಧ ಇಂಜಿನಿಯರಿಂಗ್ ಓದುತ್ತಿರುವ ಹುಡುಗರು. ಮೊದಲನೆಯವರ ಹತ್ತಿರ ನೆನಪಿದೆ, ಎರಡನೆಯವರ ಹತ್ತಿರ ಲ್ಯಾಪ್‌ಟಾಪ್ ಇದೆ. ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಸೇರುತ್ತಾರೆ. ಮಾಡುವ ಕೆಲಸ ಮೂರು. ಕಪ್ಪು ಬಿಳುಪಿನ ತುಣುಕು ಹುಡುಕೋದು, ಬಣ್ಣ ಹಾಕೋದು, ಆಮೇಲೆ ಆ ಬಣ್ಣಕ್ಕಾಗಿ ಜಗಳ ಆಡೋದು. ಮೊದಲೆರಡು ಕೆಲಸ ಒಂದು ರಾತ್ರಿಯಲ್ಲಿ ಮುಗಿಯುತ್ತೆ.

ನಾನು ಒಂದು ಭಾನುವಾರ ಇಡ್ಲಿಯ ಆಸೆಗೆ ಹೋಗಿದ್ದೆ. ಅವತ್ತಿನ ವಿಷಯ, ವಾರ್ತೆ ಓದುವ ಒಬ್ಬರ ಸೀರೆ. ಹನ್ನೆರಡು ಸೆಕೆಂಡಿನ ತುಣುಕು. ರಿಟೈರ್ಡ್ ಮೇಷ್ಟ್ರೊಬ್ಬರು ಅದು ಎಲೆ ಹಸಿರು ಮೈಸೂರು ಸಿಲ್ಕ್ ಅಂತ ಪಟ್ಟು ಹಿಡಿದಿದ್ದಾರೆ. ಬ್ಯಾಂಕಿನಲ್ಲಿದ್ದವರೊಬ್ಬರು ಕುಂಕುಮ ಕೆಂಪು ಅಂತಾರೆ. ಆಧಾರ ಏನು ಸಾರ್ ಅಂದರೆ, “ನಮ್ಮ ಮನೆಯವಳ ಹತ್ತಿರ ಅದೇ ಸೀರೆ ಇತ್ತು ಕಣ್ರೀ.” ಮೇಷ್ಟ್ರು ಬಿಡ್ತಾರಾ? “ನಿಮ್ಮನೆಯವರದ್ದು ಕೆಂಪು ಇದ್ದಿದ್ದಕ್ಕೆ ಇಡೀ ಕರ್ನಾಟಕ ಕೆಂಪು ಉಡಬೇಕಾ?” ಕೊನೆಗೆ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯವರೊಬ್ಬರಿಗೆ ವಿಡಿಯೋ ಕಾಲ್ ಮಾಡಿದರು. ಅವರು ನೋಡಿ, “ಸಾರ್, ಎರಡು ಕಲರ್ರೂ ಸ್ಟಾಕ್ ಇದೆ, ಬನ್ನಿ” ಅಂದರು. ಅವತ್ತು ಅಷ್ಟು ಜನರಲ್ಲಿ ಸರಿಯಾಗಿ ಉತ್ತರ ಕೊಟ್ಟವರು ಅವರೊಬ್ಬರೇ.

ಯಾಕಂದರೆ ಕಪ್ಪು ಬಿಳುಪಿನ ಕ್ಯಾಮೆರಾ ಹಿಡಿಯೋದು ಎಷ್ಟು ಬೆಳಕು ಬಂತು ಅನ್ನೋದನ್ನ ಮಾತ್ರ. ಯಾವ ಬಣ್ಣದ ಬೆಳಕು ಅನ್ನೋ ಲೆಕ್ಕ ಅದರ ಹತ್ತಿರ ಇಲ್ಲ. ಒಂದು ಕೆಂಪು, ಒಂದು ಹಸಿರು, ಎರಡೂ ಪರದೆಯ ಮೇಲೆ ಒಂದೇ ಬೂದು ಆಗಿ ಕೂತುಬಿಡಬಹುದು. ಒಲೆಯ ಬೂದಿ ಕೈಯಲ್ಲಿ ಹಿಡಿದು ಇದು ಹಲಸಿನ ಕಟ್ಟಿಗೆ, ಇದು ಮಾವಿನ ಕಟ್ಟಿಗೆ ಅಂದ ಹಾಗೆ ಇವರ ಜಗಳ.

ಬಣ್ಣದ ಹುಚ್ಚು ಹೊಸದೇನಲ್ಲ ಬಿಡಿ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ. ಮರುವರ್ಷ ಆಗಸ್ಟ್ 15ಕ್ಕೆ ದೆಹಲಿಯಿಂದ ಬಣ್ಣದ ಪ್ರಸಾರವೂ ಬಂತು, ಏಷ್ಯನ್ ಗೇಮ್ಸ್ ಹೊತ್ತಿಗೆ ದುಡ್ಡಿದ್ದವರ ಮನೆಗೆ ಬಣ್ಣದ ಟೀವಿಯೂ ಬಂತು. ನಮ್ಮ ಮನೆಗೆ ಬಂದದ್ದು ಬಾಗಿಲು ಇರುವ ಕಪ್ಪು ಬಿಳುಪಿನ ಪೆಟ್ಟಿಗೆ, ಮತ್ತೆ ಅದರ ಜೊತೆ ಒಂದು ಪ್ಲಾಸ್ಟಿಕ್ ಹಾಳೆ. ನಲವತ್ತೈದು ದಾಟಿದವರಿಗೆ ನೆನಪಿರಬಹುದು. ಮೇಲುಗಡೆ ನೀಲಿ, ಮಧ್ಯೆ ಕಿತ್ತಳೆ ಥರದ್ದು, ಕೆಳಗೆ ಹಸಿರು. ಪರದೆಯ ಮುಂದೆ ನೇತುಹಾಕಿದರೆ ಕಲರ್ ಟೀವಿ ಆಯ್ತು! ಮೇಲೆ ಆಕಾಶ, ಕೆಳಗೆ ಹುಲ್ಲು, ಮಧ್ಯೆ ಮನುಷ್ಯರು ಅನ್ನೋದು ಅದರ ಲೆಕ್ಕ. ಕ್ರಿಕೆಟ್‌ಗೆ ಪರವಾಗಿಲ್ಲ, ಒಪ್ಪುತ್ತಿತ್ತು. ಆದರೆ ವಾರ್ತೆ ಓದುವವರ ತಲೆಗೂದಲು ನೀಲಿ, ಮೂಗು ಕಿತ್ತಳೆ, ಕುತ್ತಿಗೆಯಿಂದ ಕೆಳಗೆ ಪೂರಾ ಹಸಿರು. ಎತ್ತು ಮಲಗಿದರೆ ಹಸಿರು, ಎದ್ದು ನಿಂತರೆ ಕಿತ್ತಳೆ. ಪಕ್ಕದ ಮನೆಯ ಅಜ್ಜಿ ಅದನ್ನು ನೋಡಿ, “ದೆಹಲಿ ಕಡೆಯೋರು ಹಂಗೇ ಇರ್ತಾರೇನೋ” ಅಂದುಕೊಂಡಿದ್ದರು. 1984ರ ನವೆಂಬರ್ 3ರಂದು ಇಂದಿರಾ ಗಾಂಧಿಯವರ ಅಂತ್ಯಕ್ರಿಯೆ ತೋರಿಸುವಾಗ ಅಪ್ಪ ಯಾರಿಗೂ ಏನೂ ಹೇಳದೆ ಎದ್ದು ಹೋಗಿ ಆ ಹಾಳೆಯನ್ನು ಬಿಚ್ಚಿ, ಸುರುಳಿ ಸುತ್ತಿ, ಬೀರುವಿನ ಮೇಲಿಟ್ಟರು. ಹದಿನೈದು ದಿನ ಅದು ಅಲ್ಲೇ ಇತ್ತು.

ಆ ಹಾಳೆಯದ್ದು ಒಂದು ಒಳ್ಳೇ ಗುಣ. ಬೇಡ ಅಂದರೆ ಕಿತ್ತಿಡಬಹುದಿತ್ತು. ಮತ್ತೆ ಅದನ್ನು ಹಾಕಿಕೊಂಡು ಯಾರೂ ‘ಇದೇ ಒರಿಜಿನಲ್’ ಅಂತ ಎದೆ ತಟ್ಟಿಕೊಳ್ಳುತ್ತಿರಲಿಲ್ಲ.

ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ, ಗುಬ್ಬಿ ಕಡೆಯವರು. ‘ರಾಮಾಯಣ ಧಾರಾವಾಹಿಗೆ ಬಣ್ಣ ಹಾಕಿ ಪುಣ್ಯ ಕಟ್ಟಿಕೊಳ್ಳಿ ಮಕ್ಕಳೇ’ ಅಂತ ಹುಡುಗರ ಹಿಂದೆ ಬಿದ್ದಿದ್ದರು. ಅದು 1987ರಲ್ಲಿ ಬಂದದ್ದೇ ಬಣ್ಣದಲ್ಲಿ. ಅವರ ಮನೆ ಟೀವಿ ಕಪ್ಪು ಬಿಳುಪು, ಅಷ್ಟೇ. ಹುಡುಗರು ಲಿಂಕ್ ಕಳಿಸಿದರು. ಅವರು ಒಪ್ಪಲಿಲ್ಲ. “ನಾನು ಕಣ್ಣಾರೆ ನೋಡಿದೀನಿ ಕಣಪ್ಪ, ಕಪ್ಪು ಬಿಳುಪೇ. ಇದು ಯಾರೋ ಆಮೇಲೆ ಬಳಿದಿದಾರೆ. ಬಳಿದವನು ಚೆನ್ನಾಗಿ ಬಳಿದಿದಾನೆ.”

ಈ ಕಾಯಿಲೆ ನಮಗೆ ಮಾತ್ರ ಬಂದದ್ದು ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಇದು ಇನ್ನೂ ಜೋರು. ‘ಡಾಕ್ಟರ್ ಹೂ’ ಅಂತ 1963ರಲ್ಲಿ ಶುರುವಾದ ಧಾರಾವಾಹಿ ಇದೆ, ಅದರ ಅಭಿಮಾನಿಗಳು ವರ್ಷಗಟ್ಟಲೆ ಒಂದೊಂದೇ ಚಿತ್ರ ಹಿಡಿದು ಕೂತು ಬಣ್ಣ ಹಾಕಿದವರು. ಟೀವಿ ಅಂದರೆ ಅಲ್ಲೂ ಇಲ್ಲೂ ಸೆಕೆಂಡಿಗೆ 25 ಚಿತ್ರ. ಅರ್ಧ ಗಂಟೆಗೆ 45,000. ಮದುವೆ ಆಗಿರುವವರು ಮಾಡುವ ಕೆಲಸ ಅಲ್ಲ ಇದು. ಕೊನೆಗೆ 2023ರಲ್ಲಿ ಬಿಬಿಸಿಯೇ ಮುಂದೆ ಬಂದು ಅದರ ಹಳೇ ಏಳು ಕಂತುಗಳನ್ನು ಕತ್ತರಿಸಿ, 75 ನಿಮಿಷಕ್ಕೆ ಇಳಿಸಿ, ಬಣ್ಣ ಹಾಕಿ ತೋರಿಸಿತು. ಬಣ್ಣ ಬಂತು, ಅರ್ಧಕ್ಕಿಂತ ಜಾಸ್ತಿ ಕಥೆ ಹೋಯ್ತು. ಇದೇ ಬಿಬಿಸಿ ಹಿಂದೆ ಟೇಪ್ ಉಳಿಸೋಕೆ ಅಂತ ಅದೇ ಧಾರಾವಾಹಿಯ ಎಷ್ಟೋ ಕಂತುಗಳನ್ನು ಅಳಿಸಿ, ಮೇಲೆ ಬೇರೆ ಏನೋ ರೆಕಾರ್ಡ್ ಮಾಡಿಕೊಂಡಿತ್ತು. ಇದ್ದಾಗ ಅಳಿಸೋದು, ಉಳಿದದ್ದಕ್ಕೆ ಆಮೇಲೆ ಸಿಂಗಾರ ಮಾಡೋದು. ನಮ್ಮೂರಿನಲ್ಲಿ ಕೆರೆಗಳಿಗೂ ಹೀಗೇ ತಾನೇ ಮಾಡೋದು?

ಅಸಲಿ ತಮಾಷೆ ಇರೋದು ಸೆಟ್ಟಿನಲ್ಲಿ. ‘ಡಾಕ್ಟರ್ ಹೂ’ನ ನಾಯಕ ಕಾಲದಲ್ಲಿ ಹಿಂದೆ ಮುಂದೆ ಓಡಾಡೋಕೆ ಒಂದು ಯಂತ್ರ ಇದೆ, ಅದನ್ನು ನಡೆಸುವ ಗುಂಡಿಗಳ ಮೇಜು ಪರದೆ ಮೇಲೆ ಬೆಳ್ಳಗೆ ಕಾಣುತ್ತೆ. ನಿಜಕ್ಕೂ ಅದಕ್ಕೆ ಬಳಿದಿದ್ದು ತಿಳಿ ಹಸಿರು, ಯಾಕಂದರೆ ಬಿಳಿ ಬಳಿದರೆ ಕ್ಯಾಮೆರಾ ಕಣ್ಣು ಕುಕ್ಕುತ್ತಿತ್ತು. ಅಮೆರಿಕದಲ್ಲಿ 1964ರ ‘ಆ್ಯಡಮ್ಸ್ ಫ್ಯಾಮಿಲಿ’ ಅಂತ ಒಂದು ಭೂತದ ಮನೆಯ ಹಾಸ್ಯ ಧಾರಾವಾಹಿ. ಆ ಕತ್ತಲು ಮನೆಯ ಹಜಾರದ ಫೋಟೋ ಬಣ್ಣದಲ್ಲಿ ಇದೆ, ನೋಡಿ. ಗುಲಾಬಿ! ಗೋಡೆ ಗುಲಾಬಿ, ಕೆಳಗೆ ಹಾಸಿದ್ದು ಗುಲಾಬಿ, ಜಾತ್ರೆಯ ಬೊಂಬಾಯಿ ಮಿಠಾಯಿ ಇದ್ದ ಹಾಗೆ. 1950ರ ದಶಕದ ಟೀವಿ ಸೂಪರ್‌ಮ್ಯಾನ್ ಮೊದಮೊದಲು ಹಾರಿದ್ದು ಕಂದು ಮತ್ತು ಬೂದು ಬಣ್ಣದ ಬಟ್ಟೆಯಲ್ಲಿ. ನೀಲಿ ಕೆಂಪು ಹಾಕಿದರೆ ಕಪ್ಪು ಬಿಳುಪಿನಲ್ಲಿ ಸರಿಯಾಗಿ ಬೇರೆಬೇರೆ ಕಾಣೋದಿಲ್ಲ ಅಂತ. ಈಗ ನೀವು ಇವಕ್ಕೆ ‘ನಿಜವಾದ’ ಬಣ್ಣ ಹಾಕಬೇಕು ಅಂದರೆ ಯಾವುದು ಹಾಕ್ತೀರಿ? ಸೆಟ್ಟಿನಲ್ಲಿ ಇದ್ದದ್ದು ಹಾಕಿದರೆ ಅಭಿಮಾನಿಗಳು ಕಲ್ಲು ಹೊಡೀತಾರೆ.

ಎಲ್ಲರನ್ನೂ ಒಂದೇ ಕೋಲಲ್ಲಿ ಹೊಡೆಯೋದು ತಪ್ಪು ಅಂತಲೂ ಗೊತ್ತು. ಇಂಗ್ಲೆಂಡಿನಲ್ಲೇ ಕೆಲವು ಕಾರ್ಯಕ್ರಮ ಬಣ್ಣದಲ್ಲೇ ತಯಾರಾಗಿ, ಟೇಪ್ ಅಳಿಸಿಹೋಗಿ, ಹೊರದೇಶಕ್ಕೆ ಮಾರಲು ಮಾಡಿಸಿದ ಕಪ್ಪು ಬಿಳುಪಿನ ಫಿಲ್ಮ್ ಮಾತ್ರ ಉಳಿದಿತ್ತು. ಆ ಫಿಲ್ಮ್ ಮೇಲೆ ಸಣ್ಣ ಸಣ್ಣ ಚುಕ್ಕೆಗಳು. ಬಣ್ಣದ ಸಿಗ್ನಲ್ಲನ್ನು ಪೂರ್ತಿ ಸೋಸದೆ ಚಿತ್ರ ತೆಗೆದಿದ್ದರಿಂದ ಉಳಿದ ಕಲೆ ಅದು. ಎಷ್ಟೋ ವರ್ಷದ ಮೇಲೆ ಕೆಲವರು ಆ ಚುಕ್ಕೆಗಳಲ್ಲೇ ಹಳೇ ಬಣ್ಣ ಕೂತಿದೆ ಅಂತ ಕಂಡುಹಿಡಿದು, ಕಂಪ್ಯೂಟರ್‌ನಲ್ಲಿ ಓದಿ, ಇದ್ದ ಬಣ್ಣವನ್ನೇ ವಾಪಸ್ ತಂದರು. ‘ಡ್ಯಾಡ್ಸ್ ಆರ್ಮಿ’ ಅನ್ನೋ ಧಾರಾವಾಹಿಯ 1969ರ ಒಂದು ಕಂತು 2008ರಲ್ಲಿ ಹೀಗೆ ಬಣ್ಣ ತುಂಬಿಕೊಂಡು ಮತ್ತೆ ಪ್ರಸಾರವಾಯ್ತು. ಅದಕ್ಕೆ ಕೈ ಮುಗಿಯಬೇಕು. ನಮ್ಮಲ್ಲೂ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣವಾಗಿ ಥಿಯೇಟರಿಗೆ ಬಂದವು. ಜನ ಹೋದರು, ಶಿಳ್ಳೆ ಹೊಡೆದರು. ನಾನೂ ಹೊಡೆದೆ. ಶಿಳ್ಳೆ ಬಣ್ಣಕ್ಕಾ ರಾಜ್‌ಕುಮಾರ್‌ಗಾ ಅಂತ ಯಾರೂ ಕೇಳಲಿಲ್ಲ.

ನಮ್ಮ ಹುಡುಗನ ಕಥೆ ಬೇರೆ. ಅವನ ಹತ್ತಿರ ಚುಕ್ಕೆಯೂ ಇಲ್ಲ, ತಾಳ್ಮೆಯೂ ಇಲ್ಲ. ಒಂದು ಸಾಫ್ಟ್‌ವೇರ್ ಇದೆ. ಲಕ್ಷಾಂತರ ಬಣ್ಣದ ಫೋಟೋ ನೋಡಿ ಕಲಿತಿರುವಂಥದ್ದು. ಎಲೆ ಕಂಡರೆ ಹಸಿರು, ಆಕಾಶ ಕಂಡರೆ ನೀಲಿ, ಮುಖ ಕಂಡರೆ ಗೋಧಿ ಬಣ್ಣ. ಏನೂ ಗೊತ್ತಾಗದಿದ್ದರೆ ಕಂದು. ಅದಕ್ಕೆ ಜಾಸ್ತಿ ಗೊತ್ತಾಗೋದಿಲ್ಲ, ಹಾಗಾಗಿ ಕಂದು ಜಾಸ್ತಿ. ಇಡೀ ತುಮಕೂರಿಗೆ ಕಾಫಿ ಚೆಲ್ಲಿದ ಹಾಗೆ ಕಾಣುತ್ತೆ.

ಇಂಥದ್ದಕ್ಕೆ ಮೊನ್ನೆ ಸಿಕ್ಕಿಬಿದ್ದದ್ದು ನಮ್ಮ ದೊಡ್ಡಪ್ಪ. ಅವರು ತಿಪಟೂರು ಕಡೆಯ ಮೂಡಲಪಾಯ ಯಕ್ಷಗಾನದ ಕಲಾವಿದರು. ಎಂಬತ್ತೈದು ದಾಟಿದೆ. ಬೆಂಗಳೂರು ದೂರದರ್ಶನದ ಶುರುವಿನ ದಿನಗಳಲ್ಲಿ ಅವರ ಮೇಳ ಒಂದು ಸಲ ಟೀವಿಯಲ್ಲಿ ಬಂದಿತ್ತು. ದೊಡ್ಡಪ್ಪನದು ರಾಕ್ಷಸನ ಪಾತ್ರ. ಯಾರದೋ ವಿಸಿಆರ್ ಟೇಪಿನಲ್ಲಿ ಅದರ ಏಳು ನಿಮಿಷ ಉಳಿದಿದೆ. ಏಳು ನಿಮಿಷ ಅಂದರೆ 10,500 ಚಿತ್ರ. ನಮ್ಮ ಹುಡುಗ ಅದನ್ನು ರಾತ್ರಿ ಸಾಫ್ಟ್‌ವೇರಿಗೆ ಹಾಕಿ ಮಲಗಿದ. ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೆ ರೆಡಿ. ಮಧ್ಯಾಹ್ನ ಊಟಕ್ಕೆ ಎಲ್ಲರನ್ನೂ ಕೂರಿಸಿ ದೊಡ್ಡ ಟೀವಿಯಲ್ಲಿ ಹಾಕಿದ.

ಎದುರಿಗೆ ಬಂದು ನಿಂತವನು ಒಬ್ಬ ಮದುಮಗ. ಕಿರೀಟ ಇದೆ, ಭುಜಕೀರ್ತಿ ಇದೆ, ಮುಖ ಮಾತ್ರ ಅರಿಶಿನ ಶಾಸ್ತ್ರ ಮುಗಿಸಿ ಸ್ನಾನ ಮಾಡಿ ಬಂದ ಹಾಗೆ ಗೋಧಿ ಬಣ್ಣ, ಕೆನ್ನೆ ಮೇಲೆ ಸ್ವಲ್ಪ ಕೆಂಪು. ಕೋರೆಹಲ್ಲನ್ನು ಸಾಫ್ಟ್‌ವೇರ್ ತುಟಿ ಅಂದುಕೊಂಡು ಗುಲಾಬಿ ಬಳಿದಿದೆ. ಗಿರಕಿ ಹೊಡೆದಾಗ ಬಟ್ಟೆ ಎಡಕ್ಕೆ ನೀಲಿ, ಬಲಕ್ಕೆ ಕಂದು, ನಿಂತಾಗ ಎರಡೂ ಅಲ್ಲ. ರಾಕ್ಷಸ ತೋಳು ತಟ್ಟಿ ಆರ್ಭಟಿಸುತ್ತಿದ್ದಾನೆ, ನೋಡಿದರೆ ಛತ್ರದಲ್ಲಿ ಊಟ ಲೇಟಾಯ್ತು ಅಂತ ಬೀಗರ ಮೇಲೆ ರೇಗುತ್ತಿರುವ ಹಾಗಿದೆ.

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಯಾರಪ್ಪ ಇದು?”

“ನೀವೇ ತಾತ!”

“ನನ್ನ ಮದುವೇಲಿ ಟೀವಿಯೋರು ಬಂದಿರ್ಲಿಲ್ವಲ್ಲೋ.”

ಹುಡುಗ ಬೇಗ ತಿದ್ದಿಕೊಂಡ. ರಾಕ್ಷಸ ಅಂದರೆ ಕೆಂಪು ಇರಬೇಕು ಅಲ್ವಾ ತಾತ, ಕೆಂಪು ಮಾಡಿಬಿಡ್ತೀನಿ ಅಂದ. ದೊಡ್ಡಪ್ಪ ತಲೆ ಅಲ್ಲಾಡಿಸಿದರು. “ಊರಲ್ಲಿ ಆಟ ಆದ್ರೆ ಇಂಗಳೀಕವೇ ಬಳಿಯೋದು. ಅವತ್ತು ಅಲ್ಲಿ ಒಬ್ಬರು ಬಂದು, ಯಜಮಾನ್ರೇ ಕೆಂಪು ಟೀವೀಲಿ ಮಸಿ ಬಳಿದಂಗೆ ಕಾಣುತ್ತೆ, ಕಣ್ಣು ಮೂಗು ಗೊತ್ತಾಗಲ್ಲ ಅಂದ್ರು. ಒರೆಸಿ ಹಳದಿ ಬಳ್ಕೊಂಡೆ. ಹಳದಿ ರಾಕ್ಷಸ! ಭಾಗವತರು ನೋಡಿ ನಕ್ಕು ನಕ್ಕು ಎರಡು ಸಲ ತಾಳ ತಪ್ಪಿದ್ರು.”

ಅಷ್ಟು ಸಾಕಾಯ್ತು. ಸಂಜೆಗೆ ಗುಂಪು ಮೂರು ಹೋಳು. ಹಳದಿಯೇ ಸತ್ಯ ಅನ್ನುವವರು, ಕೆಂಪೇ ಸಂಪ್ರದಾಯ ಅನ್ನುವವರು, ಮತ್ತೆ ಗೋಧಿ ಬಣ್ಣದಲ್ಲೇ ‘ರಿಯಲಿಸ್ಟಿಕ್’ ಆಗಿದೆ ಬಿಡಿ ಅನ್ನುವವರು. ಮೇಷ್ಟ್ರು ಕೆಂಪು, ಬ್ಯಾಂಕಿನವರು ಆ ಕಾರಣಕ್ಕೇ ಹಳದಿ. ಮುಖಕ್ಕೆ ಬಣ್ಣ ಬಳಿದುಕೊಂಡ ಮನುಷ್ಯ ಬದುಕಿದ್ದಾರೆ, ಬಾಯಿಬಿಟ್ಟು ಹೇಳುತ್ತಿದ್ದಾರೆ, ಆದರೂ ಓಟಿಗೆ ಹಾಕಿದ್ದಾರೆ.

ದೊಡ್ಡಪ್ಪ ಮಾತ್ರ ಇನ್ನೊಂದು ಸಲ ಹಾಕು ಅಂದರು. ಹಾಕಿದ. ಮುಂದೆ ಬಗ್ಗಿ, ಕೈಯನ್ನು ಕಿವಿಗೆ ಕೊಟ್ಟು ನೋಡಿದರು. ಟೀವಿಯಲ್ಲಿ ಢಂ ಢಂ ಅಂತ ಯಾವುದೋ ಸಿನಿಮಾ ಟ್ರೇಲರಿನ ಥರದ ಸದ್ದು.

“ಭಾಗವತರ ಪದ ಎಲ್ಲೋ? ಮುಖವೀಣೆ?”

“ಆಡಿಯೋ ಪೂರ್ತಿ ಬರೀ ಗೊರಗೊರ ಇತ್ತು ತಾತ. ಅದಕ್ಕೇ ತೆಗೆದುಹಾಕಿ ಬಿಜಿಎಂ ಕೊಟ್ಟಿದೀನಿ.”

ಆ ಭಾಗವತರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯ್ತು. ದೊಡ್ಡಪ್ಪ ರಿಮೋಟ್ ಇಸಕೊಂಡು, ಬಟನ್ ಹುಡುಕಿ ಹುಡುಕಿ, ಸದ್ದು ನಿಲ್ಲಿಸಿದರು. ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಎರಡು ಬೆರಳಲ್ಲಿ ತಾಳ ಹಾಕುತ್ತಾ, ಪರದೆಯ ಮೇಲಿನ ಮದುಮಗನ ಕುಣಿತಕ್ಕೆ ಸರಿಯಾಗಿ ಸಣ್ಣ ದನಿಯಲ್ಲಿ ಪದ ಹೇಳಲು ಶುರುಮಾಡಿದರು. ನಾನು ಹುಡುಗನಿಗೆ ರೆಕಾರ್ಡ್ ಮಾಡ್ಕೊಳೋ ಅಂತ ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ಫೋನಿನಿಂದ ತಲೆ ಎತ್ತಿದ.

“ಮಾಮ, ಹಳದಿಗೆ ಹತ್ತೊಂಬತ್ತು, ಕೆಂಪಿಗೆ ಇಪ್ಪತ್ತೊಂದು!”