ನಾಯಿಯ ಸಂತಾನಹರಣ ಆಪರೇಷನ್: ಬಿಲ್ಲಿನಲ್ಲಿ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಸಾಕುನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸಲು ಹೊರಟವರು ಮೂರು ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಮೂರು ದರ ಕೇಳಿಸಿಕೊಳ್ಳುತ್ತಾರೆ. ಒಂದು ದರ ಇನ್ನೊಂದರ ದುಪ್ಪಟ್ಟು ಇರುವುದೂ ಅಪರೂಪವಲ್ಲ. ಕೂಡಲೇ ಮನಸ್ಸಿಗೆ ಬರುವುದು ಎರಡೇ: ಜಾಸ್ತಿ ಹೇಳಿದವರು ಸುಲಿಗೆ ಮಾಡುತ್ತಿದ್ದಾರೆ, ಇಲ್ಲವೇ ಕಡಿಮೆ ಹೇಳಿದವರಿಗೆ ಕೆಲಸ ಬರುವುದಿಲ್ಲ. ಎರಡೂ ತಪ್ಪಿರಬಹುದು. ಆಪರೇಷನ್ನಿನ ಹೆಸರು ಒಂದೇ, ಅದರೊಳಗೆ ಏನೇನು ಸೇರಿದೆ ಅನ್ನುವುದು ಬೇರೆ ಬೇರೆ. ಈ ಬಿಲ್ಲಿನಲ್ಲಿ ಧಾರಾಳವಾಗಿ ಉಳಿಸಬಹುದಾದ ಬಾಬ್ತುಗಳಿವೆ, ಕೈ ಹಾಕಲೇಬಾರದ ಬಾಬ್ತುಗಳೂ ಇವೆ. ಜನ ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ. ರಕ್ತಪರೀಕ್ಷೆ ಬೇಡ ಅನ್ನುತ್ತಾರೆ, ಆಪರೇಷನ್ ಆದ ಮೇಲೆ ನಾಯಿಗೆ ತೊಡಿಸುವ ಚೆಂದದ ಅಂಗಿ ಕೊಳ್ಳುತ್ತಾರೆ.

ಮೊದಲು ಗಂಡು-ಹೆಣ್ಣಿನ ವ್ಯತ್ಯಾಸ. ಗಂಡುನಾಯಿಯಲ್ಲಿ ಸಾಮಾನ್ಯವಾಗಿ ಹೊಟ್ಟೆ ತೆರೆಯುವ ಪ್ರಶ್ನೆ ಬರುವುದಿಲ್ಲ. ವೃಷಣಚೀಲದ ಸ್ವಲ್ಪ ಮುಂದೆ ಒಂದು ಸಣ್ಣ ಸೀಳು ಹಾಕಿ, ಎರಡೂ ಬೀಜಗಳನ್ನು ಅದರಿಂದಲೇ ಒಂದಾದ ಮೇಲೊಂದು ಹೊರಗೆ ತಂದು, ರಕ್ತನಾಳವನ್ನೂ ವೀರ್ಯನಾಳವನ್ನೂ ಕಟ್ಟಿ ಕತ್ತರಿಸುತ್ತಾರೆ. ಕೈ ಪಳಗಿದವರಿಗೆ ಬೇಗ ಮುಗಿಯುವ ಕೆಲಸ.

ಹೆಣ್ಣುನಾಯಿಯದು ಹಾಗಲ್ಲ. ಹೊಕ್ಕುಳಿನ ಕೆಳಗೆ ನಡುಗೆರೆಯಲ್ಲಿ ಹೊಟ್ಟೆ ತೆರೆಯಬೇಕು. ಅಂಡಾಶಯ ಇರುವುದು ಮೂತ್ರಪಿಂಡದ ಹತ್ತಿರ, ಒಂದು ಗಟ್ಟಿ ತಂತುವಿನಿಂದ ಬಿಗಿದುಕೊಂಡು. ಆ ತಂತುವನ್ನು ಬೆರಳಿನಿಂದ ನಿಧಾನವಾಗಿ ಎಳೆದು ಸಡಿಲಿಸಿದರೆ ಮಾತ್ರ ಅಂಡಾಶಯ ಗಾಯದ ಬಾಯಿಗೆ ಬರುತ್ತದೆ. ಪಕ್ಕದಲ್ಲೇ ರಕ್ತನಾಳ ಇರುತ್ತದೆ, ಒಂದಿಷ್ಟು ಜೋರಾಗಿ ಎಳೆದರೆ ಅದೂ ಹರಿಯುತ್ತದೆ. ಬಲಗಡೆಯ ಅಂಡಾಶಯ ಎಡಗಡೆಯದಕ್ಕಿಂತ ಮುಂದಕ್ಕಿರುವುದರಿಂದ ಅಲ್ಲಿ ಕಷ್ಟ ಇನ್ನೂ ಜಾಸ್ತಿ. ಇಡೀ ಆಪರೇಷನ್ನಿನಲ್ಲಿ ಅತಿ ಹೆಚ್ಚು ನೋವಿನ ಘಳಿಗೆಯೂ ಇದೇ. ಅರಿವಳಿಕೆ ತೆಳುವಾಗಿದ್ದರೆ ನಾಯಿಯ ಎದೆಬಡಿತವೂ ಉಸಿರಾಟವೂ ಒಮ್ಮೆಲೇ ಏರುವುದು ಇಲ್ಲಿ. ಆಮೇಲೆ ನಾಳವನ್ನು ಕ್ಲ್ಯಾಂಪಿನಲ್ಲಿ ಹಿಡಿದು, ದಾರದಿಂದ ಕಟ್ಟಿ, ಕತ್ತರಿಸಿ, ರಕ್ತ ಜಿನುಗುತ್ತಿಲ್ಲ ಎಂದು ನೋಡಿಯೇ ಒಳಗೆ ಬಿಡಬೇಕು. ಇನ್ನೊಂದು ಕಡೆಗೂ ಇದೇ. ಗರ್ಭಕೋಶವನ್ನೂ ತೆಗೆಯುವುದಾದರೆ ಅದರ ಬುಡದಲ್ಲಿ ಮತ್ತೊಂದು ಕಟ್ಟು. ಕೊನೆಗೆ ಹೊಟ್ಟೆಯ ಗೋಡೆ, ಚರ್ಮದಡಿಯ ಪದರ, ಚರ್ಮ ಎಂದು ಪದರ ಪದರವಾಗಿ ಹೊಲಿಗೆ. ಹೆಣ್ಣುನಾಯಿಯ ದರ ಜಾಸ್ತಿ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಅಂಡಾಶಯ ಮಾತ್ರ ತೆಗೆದು ಗರ್ಭಕೋಶ ಬಿಡುವ ಪದ್ಧತಿಯೂ ಇದೆ. ಗರ್ಭಕೋಶ ಆರೋಗ್ಯವಾಗಿದ್ದರೆ ಅದೂ ಸರಿಯಾದ ಆಪರೇಷನ್ನೇ, ‘ಅರ್ಧ ಕೆಲಸ’ ಅಲ್ಲ. ಯಾವ ಪದ್ಧತಿಯಾದರೂ ಅಂಡಾಶಯದ ಒಂದು ಚೂರೂ ಒಳಗೆ ಉಳಿಯಬಾರದು. ಉಳಿದರೆ ನಾಯಿ ಮತ್ತೆ ಬೆದೆಗೆ ಬರುತ್ತದೆ. ಆ ಚೂರನ್ನು ಹುಡುಕಿ ತೆಗೆಯುವುದು ಮೊದಲ ಆಪರೇಷನ್ನಿಗಿಂತ ಕಷ್ಟ, ಖರ್ಚೂ ಹೆಚ್ಚು.

ದರ ಏರಿಸುವ ಎರಡನೇ ಅಂಶ ತೂಕ. ಮತ್ತಿನ ಔಷಧ, ನೋವಿನ ಔಷಧ, ಡ್ರಿಪ್ ಎಲ್ಲವೂ ಕೆ.ಜಿ. ಲೆಕ್ಕದಲ್ಲಿ ಹೋಗುತ್ತವೆ. 8 ಕೆ.ಜಿ. ನಾಯಿಗೂ 40 ಕೆ.ಜಿ. ನಾಯಿಗೂ ಔಷಧದ ಖರ್ಚು ಒಂದೇ ಆಗಲು ಸಾಧ್ಯವಿಲ್ಲ. ಕೊಬ್ಬಿದ ನಾಯಿಯಾದರೆ ಬೇರೆಯೇ ತಾಪತ್ರಯ: ನಾಳದ ಸುತ್ತ ಕೊಬ್ಬು ತುಂಬಿಕೊಂಡಿದ್ದರೆ ದಾರದ ಗಂಟು ಕೊಬ್ಬನ್ನು ಹಿಡಿಯುತ್ತದೆಯೇ ಹೊರತು ನಾಳವನ್ನಲ್ಲ. ಕಟ್ಟಿದ್ದು ಜಾರಿದರೆ ಹೊಟ್ಟೆಯೊಳಗೆ ರಕ್ತಸ್ರಾವ. ಹಾಗಾಗಿ ದಪ್ಪ ನಾಯಿಯ ತೂಕವನ್ನು ಮೊದಲೇ ಒಂದಿಷ್ಟು ಇಳಿಸಿಕೊಂಡು ಹೋಗುವುದು ಪುಕ್ಕಟೆಯಾಗಿ ಸಿಗುವ ಉಳಿತಾಯ.

ಮೂರನೆಯದು ಸಮಯ. ಬೆದೆಯಲ್ಲಿರುವ ನಾಯಿಯ ಗರ್ಭಕೋಶಕ್ಕೆ ರಕ್ತಸಂಚಾರ ಜಾಸ್ತಿ, ನಾಳಗಳು ಉಬ್ಬಿರುತ್ತವೆ, ಅಂಗಾಂಶ ಮುಟ್ಟಿದರೆ ಹರಿಯುವಷ್ಟು ಮೆತ್ತಗಿರುತ್ತದೆ. ಹೀಗಾಗಿ ಕೆಲವರು ಹೆಚ್ಚು ಹಣ ಕೇಳುತ್ತಾರೆ, ಕೆಲವರು ಈಗ ಬೇಡ ಎಂದು ಕಳಿಸುತ್ತಾರೆ. ಬೆದೆ ಮುಗಿದು ಎರಡು-ಮೂರು ತಿಂಗಳು ಕಳೆದ ಮೇಲೆ ಮಾಡಿಸುವುದು ವಾಡಿಕೆ. ಆದ್ದರಿಂದ ಬೆದೆಯ ಮೊದಲ ದಿನದ ತಾರೀಖನ್ನು ಬರೆದಿಟ್ಟುಕೊಳ್ಳಿ.

ಗಂಡುನಾಯಿಯಲ್ಲಿ ದರವನ್ನು ಮೇಲಕ್ಕೆತ್ತುವುದು ಇಳಿಯದ ಬೀಜ. ಮರಿಗೆ ಎರಡು ತಿಂಗಳಾಗುವ ಹೊತ್ತಿಗೆ ಎರಡೂ ಬೀಜ ಚೀಲಕ್ಕೆ ಬಂದಿರಬೇಕು. ಆರು ತಿಂಗಳಾದರೂ ಒಂದೇ ಕೈಗೆ ಸಿಕ್ಕರೆ ಇನ್ನೊಂದು ತೊಡೆಸಂದಿಯಲ್ಲೋ ಹೊಟ್ಟೆಯೊಳಗೋ ಇದೆ ಎಂದರ್ಥ. ಹೊಟ್ಟೆಯೊಳಗಿದ್ದರೆ ಸ್ಕ್ಯಾನ್ ಮಾಡಿ ಹುಡುಕಿ, ಹೊಟ್ಟೆ ತೆರೆದು ತೆಗೆಯಬೇಕು. ಖರ್ಚು ಹೆಣ್ಣುನಾಯಿಯ ಲೆಕ್ಕಕ್ಕೆ ಹೋಗುತ್ತದೆ. ಹಾಗೆಂದು ಬಿಡುವಂತಿಲ್ಲ. ಒಳಗೇ ಉಳಿದ ಬೀಜದಲ್ಲಿ ಗಡ್ಡೆಯಾಗುವ ಸಂಭವ ಬಹಳ ಹೆಚ್ಚು. ಕೆಳಗಿಳಿದ ಒಂದನ್ನು ಮಾತ್ರ ತೆಗೆದು ‘ಆಪರೇಷನ್ ಆಗಿದೆ’ ಅನ್ನುವವರಿದ್ದಾರೆ. ಅದು ಮಾಡಿಸದೇ ಇದ್ದದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ಮುಂದೆ ಯಾರಿಗೂ ಒಳಗೊಂದು ಇದೆ ಎಂಬ ಸುಳಿವೇ ಇರುವುದಿಲ್ಲ.

ಈಗ ಉಳಿಸಬಾರದ ಬಾಬ್ತುಗಳಿಗೆ ಬರೋಣ.

ರಕ್ತಪರೀಕ್ಷೆ. ಚಿಕ್ಕ ವಯಸ್ಸಿನ, ಚೂಟಿಯಾದ ನಾಯಿಗೆ ಯಾಕೆ ಎಂದು ಕೇಳುವವರು ಬಹಳ. ಕಾರಣ ರಕ್ತ ಹೀರುವ ಉಣ್ಣೆ ಹುಳ. ಉಣ್ಣೆಯಿಂದ ಹರಡುವ ಎರ್ಲಿಕಿಯಾದಂಥ ಸೋಂಕು ಮೇಲೆ ಯಾವ ಲಕ್ಷಣವನ್ನೂ ತೋರದೆ ಒಳಗೇ ಕೂತಿರಬಹುದು, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಕುಸಿದಿರುತ್ತದೆ. ನಾಯಿ ಆಟವಾಡಿಕೊಂಡು, ಊಟ ಮಾಡಿಕೊಂಡು ಇರುತ್ತದೆ, ಕತ್ತರಿ ಹಾಕಿದಾಗ ರಕ್ತ ಹೆಪ್ಪುಗಟ್ಟುವುದಿಲ್ಲ. ಕನಿಷ್ಠ ಪೂರ್ಣ ರಕ್ತಕಣ ಎಣಿಕೆ (ಪ್ಲೇಟ್‌ಲೆಟ್ ಸೇರಿ), ಲಿವರ್‌ನ ಎಎಲ್‌ಟಿ, ಕಿಡ್ನಿಯ ಕ್ರಿಯಾಟಿನಿನ್ ಇಷ್ಟಾದರೂ ಇರಲಿ. ಡಾಬರ್‌ಮನ್ ಆದರೆ ವಾನ್ ವಿಲೆಬ್ರಾಂಡ್ ಎಂಬ ರಕ್ತ ಹೆಪ್ಪುಗಟ್ಟದ ವಂಶಪಾರಂಪರ್ಯ ತೊಂದರೆಯ ಬಗ್ಗೆ ಡಾಕ್ಟರನ್ನು ನೀವಾಗಿಯೇ ಕೇಳಿ. ಅದರಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಮಾಮೂಲಿ ವರದಿಯಲ್ಲಿ ಸಿಕ್ಕಿಬೀಳುವುದಿಲ್ಲ.

ಅರಿವಳಿಕೆ ಮತ್ತು ಕಾವಲು. ಕಡಿಮೆ ದರದ ಕಡೆ ಹೆಚ್ಚಾಗಿ ಇಂಜೆಕ್ಷನ್ನಿನ ಅರಿವಳಿಕೆ ಮಾತ್ರ. ಹೆಚ್ಚು ದರದ ಕಡೆ ಇಂಜೆಕ್ಷನ್ನಿನಿಂದ ಮಲಗಿಸಿ, ಗಂಟಲಿಗೆ ಟ್ಯೂಬ್ ಹಾಕಿ, ಆಕ್ಸಿಜನ್ ಜೊತೆ ಐಸೊಫ್ಲೂರೇನ್ ಗ್ಯಾಸ್. ಗ್ಯಾಸಿನ ಅನುಕೂಲವೆಂದರೆ ಮತ್ತಿನ ಆಳವನ್ನು ನಿಮಿಷ ನಿಮಿಷಕ್ಕೂ ಏರಿಸಿ ಇಳಿಸಬಹುದು. ಇಂಜೆಕ್ಷನ್ ಒಮ್ಮೆ ಮೈಗೆ ಹೋದರೆ ಹೋಯಿತು. ಆದರೂ ನನ್ನನ್ನು ಕೇಳಿದರೆ ಗ್ಯಾಸಿಗಿಂತ ಮುಖ್ಯವಾದದ್ದು ಎರಡಿದೆ: ಉಸಿರಿನ ಟ್ಯೂಬ್, ಮತ್ತು ನಾಯಿಯನ್ನು ನೋಡಿಕೊಳ್ಳುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲದ ಒಬ್ಬ ಮನುಷ್ಯ. ಯಂತ್ರ ಎಷ್ಟೇ ಇರಲಿ, ಕತ್ತರಿ ಹಿಡಿದವರೇ ಮಾನಿಟರನ್ನೂ ನೋಡಬೇಕಾದರೆ ಅದು ಕಾವಲಲ್ಲ.

ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆರೋಗ್ಯವಂತ ನಾಯಿಗಳು ಅರಿವಳಿಕೆಗೆ ಸಂಬಂಧಿಸಿ ಸತ್ತ ಪ್ರಮಾಣ ಶೇ 0.05. ಅಂದರೆ ಎರಡು ಸಾವಿರಕ್ಕೆ ಒಂದರ ಆಸುಪಾಸು. ಕಾಯಿಲೆಯಿದ್ದ ನಾಯಿಗಳಲ್ಲಿ ಅದು ಶೇ 1.33. ರಕ್ತಪರೀಕ್ಷೆಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ. ಇನ್ನೊಂದು ವಿಷಯ: ಆ ಸಾವುಗಳಲ್ಲಿ ಅರ್ಧದಷ್ಟು ಆಪರೇಷನ್ ಮುಗಿದ ಮೇಲೆ ಆದವು, ಅದರಲ್ಲೂ ಮೊದಲ ಮೂರು ಗಂಟೆಗಳಲ್ಲಿ ಹೆಚ್ಚು. ಹೊಲಿಗೆ ಹಾಕಿ ಮೂಲೆಯ ಬೋನಿನಲ್ಲಿ ಮಲಗಿಸಿ ಎಲ್ಲರೂ ಮುಂದಿನ ನಾಯಿಯ ಕಡೆ ಹೋಗುವ ಹೊತ್ತು ಅದು. ನಾಯಿ ತಾನಾಗಿ ಗುಟುಕು ನುಂಗುವವರೆಗೆ ಟ್ಯೂಬ್ ತೆಗೆಯಬಾರದು, ತಲೆ ಎತ್ತುವವರೆಗೆ ಒಬ್ಬರು ಪಕ್ಕದಲ್ಲಿರಬೇಕು, ಮೈ ತಣ್ಣಗಾಗದಂತೆ ಹೊದಿಸಿರಬೇಕು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವುಗಳಲ್ಲಿ ಟ್ಯೂಬ್ ತೆಗೆದ ನಂತರದ ನಿಮಿಷಗಳೇ ಅಪಾಯದವು. ಅವಕ್ಕೆ ಹೆಚ್ಚು ದರ ಕೇಳಿದರೆ ಚೌಕಾಸಿ ಮಾಡಬೇಡಿ.

ಕೈಗೆ ಸೂಜಿ ಹಾಕಿ ಡ್ರಿಪ್ ಇಡುವುದು, ನೋವಿನ ಔಷಧ ಕೊಡುವುದು ಇವೂ ಬಿಡುವಂಥವಲ್ಲ. ಮೆಲಾಕ್ಸಿಕ್ಯಾಮ್ ಕೊಡುವುದಾದರೆ ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ., ಆಮೇಲೆ ದಿನಕ್ಕೊಮ್ಮೆ 0.1 ಎಂಬುದು ರೂಢಿಯ ಪ್ರಮಾಣ. ಎಷ್ಟು ದಿನ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್ ಮಾತ್ರೆ ಕೊಟ್ಟು ಉಳಿಸಿದ ದುಡ್ಡು ಹೊಟ್ಟೆಯ ಹುಣ್ಣಿಗೆ, ಕಿಡ್ನಿಗೆ ಹೋಗುತ್ತದೆ.

ಉಳಿಸಬಹುದಾದದ್ದು? ಲ್ಯಾಪರೊಸ್ಕೋಪಿ. ಎರಡು-ಮೂರು ಸಣ್ಣ ತೂತುಗಳಲ್ಲಿ ಮುಗಿಯುತ್ತದೆ, ನೋವು ಕಡಿಮೆ, ಚೇತರಿಕೆ ಬೇಗ, ನಿಜ. ಆದರೆ ಉಪಕರಣದ ಖರ್ಚು ಬಿಲ್ಲಿಗೆ ಬರುತ್ತದೆ, ಮತ್ತು ಪಳಗಿದ ಕೈಯ ಮಾಮೂಲಿ ಆಪರೇಷನ್ ಯಾವುದಕ್ಕೂ ಕಡಿಮೆಯಲ್ಲ. ಆರೋಗ್ಯವಾದ ನಾಯಿ ಅದೇ ದಿನ ಮನೆಗೆ ಬರಬಹುದು. ರಾತ್ರಿ ಮನುಷ್ಯರೇ ಇರದ ಕ್ಲಿನಿಕ್ಕಿನಲ್ಲಿ ‘ಅಡ್ಮಿಟ್’ ಮಾಡಿ ಹಣ ಕೊಡುವುದಂತೂ ಶುದ್ಧ ದಂಡ. ಶುಚಿಯಾಗಿ, ಬೇಗ ಮುಗಿದ ಆಪರೇಷನ್ನಿಗೆ ವಾರಗಟ್ಟಲೆ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬರೆದುಕೊಟ್ಟರೆ ಯಾಕೆ ಎಂದು ಕೇಳಿ, ನೀವೇ ಅರ್ಧಕ್ಕೆ ನಿಲ್ಲಿಸಬೇಡಿ. ಕರಗುವ ದಾರದಲ್ಲಿ ಚರ್ಮದೊಳಗೆ ಹೊಲಿದರೆ ಹೊಲಿಗೆ ಬಿಚ್ಚಿಸುವ ಭೇಟಿಯ ಖರ್ಚೂ ಉಳಿಯುತ್ತದೆ. ಹೊಕ್ಕುಳ ಹರ್ನಿಯಾ ಇದ್ದರೆ, ಬೀಳದ ಹಾಲುಕೋರೆ ಇದ್ದರೆ ಅದನ್ನೂ ಇದೇ ಮತ್ತಿನಲ್ಲಿ ಮುಗಿಸಿಕೊಳ್ಳಿ. ಬೇರೆಯಾಗಿ ಮಾಡಿಸಿದರೆ ಮತ್ತಿನ ಖರ್ಚು ಎರಡು ಸಲ.

ಪ್ರಾಣಿದಯಾ ಸಂಸ್ಥೆಗಳ, ಶಿಬಿರಗಳ ಕಡಿಮೆ ದರದ ಬಗ್ಗೆ ಅಸಡ್ಡೆ ಬೇಡ. ಅಲ್ಲಿ ದರ ಕಡಿಮೆಯಾಗುವುದು ದೇಣಿಗೆಯಿಂದ ಮತ್ತು ಸಂಖ್ಯೆಯಿಂದ. ದಿನವೂ ಇದೇ ಕೆಲಸ ಮಾಡುವವರ ಕೈ ಚುರುಕು, ಗಾಯ ಚಿಕ್ಕದು, ನಾಯಿ ಮತ್ತಿನಲ್ಲಿರುವ ಹೊತ್ತೂ ಕಡಿಮೆ. ಅಲ್ಲಿ ಬಿಟ್ಟುಹೋಗಬಹುದಾದದ್ದು ರಕ್ತಪರೀಕ್ಷೆ ಮತ್ತು ಆಮೇಲಿನ ನಿಗಾ. ಒಂದನ್ನು ನೀವೇ ಹೊರಗೆ ಮಾಡಿಸಿ ವರದಿ ಒಯ್ಯಬಹುದು, ಇನ್ನೊಂದನ್ನು ಮೊದಲೇ ಕೇಳಿ ತಿಳಿಯಬಹುದು. ಚಿಕ್ಕ ವಯಸ್ಸಿನ ಆರೋಗ್ಯವಂತ ನಾಯಿಗೆ ಇದು ಒಳ್ಳೆಯ ದಾರಿ. ವಯಸ್ಸಾದ, ಹೃದಯದ ತೊಂದರೆಯ, ಚಪ್ಪಟೆ ಮೂತಿಯ ನಾಯಿಗೆ ಅಲ್ಲ.

ವಯಸ್ಸಿನ ವಿಚಾರದಲ್ಲೂ ಖರ್ಚಿನ ಲೆಕ್ಕ ಅಡಗಿದೆ. ಚಿಕ್ಕ ತಳಿಗಳಿಗೆ ಆರು ತಿಂಗಳ ಸುಮಾರಿಗೆ ಮಾಡಿಸಿದರೆ ಆಪರೇಷನ್ ಸುಲಭ. ದೊಡ್ಡ ತಳಿಗಳಲ್ಲಿ ಅವಸರ ಒಳ್ಳೆಯದಲ್ಲ. ಗೋಲ್ಡನ್ ರಿಟ್ರೀವರ್‌ಗಳ ಮೇಲೆ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಆಪರೇಷನ್ ಆದವುಗಳಲ್ಲಿ ಕೀಲಿನ ತೊಂದರೆ ಹೆಚ್ಚು ಕಂಡಿತ್ತು. ಮಂಡಿಯ ಆಪರೇಷನ್ನಿನ ಬಿಲ್ಲಿನ ಮುಂದೆ ಸಂತಾನಹರಣದ ಬಿಲ್ಲು ಲೆಕ್ಕಕ್ಕೇ ಇಲ್ಲ, ಆದ್ದರಿಂದ ದೊಡ್ಡ ಗಂಡುನಾಯಿ ಬೆಳೆದು ನಿಲ್ಲುವವರೆಗೆ ಕಾಯಿರಿ. ದೊಡ್ಡ ಹೆಣ್ಣುನಾಯಿಯದು ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕಾದ ವಿಷಯ: ಬೇಗ ಮಾಡಿಸಿದರೆ ಕೀಲಿನ ತೊಂದರೆ ಮತ್ತು ಮುಂದೆ ಮೂತ್ರ ಸೋರುವ ಸಂಭವ ಒಂದು ಕಡೆ, ತಡಮಾಡಿದರೆ ಮೊಲೆಯ ಗಡ್ಡೆ ಮತ್ತು ಗರ್ಭಕೋಶದ ಕೀವು ಇನ್ನೊಂದು ಕಡೆ.

ಆ ಕೀವಿನ ಹೆಸರು ಪಯೋಮೆಟ್ರಾ. ಸ್ವೀಡನ್ನಿನ ವಿಮಾ ದಾಖಲೆಗಳ ಪ್ರಕಾರ ಆಪರೇಷನ್ ಆಗದ ಹೆಣ್ಣುನಾಯಿಗಳಲ್ಲಿ ಸುಮಾರು ನಾಲ್ಕಕ್ಕೊಂದು ಹತ್ತು ವರ್ಷದೊಳಗೆ ಇದಕ್ಕೆ ತುತ್ತಾಗುತ್ತದೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನಾಯಿ ಬಕೆಟ್ಟುಗಟ್ಟಲೆ ನೀರು ಕುಡಿದು, ಊಟ ಬಿಟ್ಟು, ವಾಂತಿ ಮಾಡಿದರೆ ಅದೇ ದಿನ ತೋರಿಸಿ. ಕೀವು ಹೊರಗೆ ಬರದ ಬಗೆಯದು ಇನ್ನೂ ಅಪಾಯ. ಮಾಡುವ ಆಪರೇಷನ್ ಹೆಚ್ಚುಕಡಿಮೆ ಅದೇ, ಆದರೆ ಈ ಸಲ ರೋಗಪೀಡಿತ ನಾಯಿಗೆ, ತುರ್ತಾಗಿ, ದಿನಗಟ್ಟಲೆ ಡ್ರಿಪ್ಪಿನೊಂದಿಗೆ. ಬೆದೆ ತಪ್ಪಿಸಲು ಹಾಕಿಸುವ ಅಗ್ಗದ ಪ್ರೊಜೆಸ್ಟಿನ್ ಎಂಬ ಹಾರ್ಮೋನ್ ಇಂಜೆಕ್ಷನ್ ಇದೇ ಕೀವಿಗೆ ದಾರಿ ಮಾಡಿಕೊಡುತ್ತದೆ, ಮೊಲೆಯ ಗಡ್ಡೆಗೂ ಸಕ್ಕರೆ ಕಾಯಿಲೆಗೂ ಕೂಡ. ಇದರಷ್ಟು ದುಬಾರಿಯಾದ ಅಗ್ಗ ಇನ್ನೊಂದಿಲ್ಲ.

ಇನ್ನು ಮನೆಯಲ್ಲಿ ಹುಟ್ಟುವ ಖರ್ಚು. ‘ಪಾಪ, ಕಷ್ಟಪಡುತ್ತಿದೆ’ ಎಂದು ಕತ್ತಿನ ಕೋನ್ ಬಿಚ್ಚಿದ ರಾತ್ರಿಯೇ ಹೊಲಿಗೆ ಕಿತ್ತಿರುತ್ತದೆ. ಮತ್ತೆ ಮತ್ತು, ಮತ್ತೆ ಹೊಲಿಗೆ, ಮತ್ತೆ ಬಿಲ್ಲು. 10ರಿಂದ 14 ದಿನ ಕೋನ್ ಇರಲಿ, ಸ್ನಾನ ಬೇಡ, ಓಟ-ಮೆಟ್ಟಿಲು-ಸೋಫಾ ಜಿಗಿತ ಬೇಡ, ಹಗ್ಗ ಹಿಡಿದೇ ಹೊರಗೆ ಒಯ್ಯಿರಿ. ಕುಣಿದಾಡುವ ಗಂಡುನಾಯಿಯಲ್ಲಿ ಖಾಲಿ ಚೀಲದೊಳಗೆ ರಕ್ತ ತುಂಬಿ ಊದಿಕೊಳ್ಳುವುದು ಇದೇ ದಿನಗಳಲ್ಲಿ. ಒಸಡು ಬೆಳ್ಳಗಾಗಿ ನಾಯಿ ಮಂಕಾದರೆ, ಹೊಟ್ಟೆ ಉಬ್ಬುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಗಂಡುನಾಯಿಯನ್ನು ಒಂದೂವರೆ ತಿಂಗಳವರೆಗೆ ಬೆದೆಯ ಹೆಣ್ಣಿನಿಂದ ದೂರವಿಡಿ, ನಾಳದಲ್ಲಿ ಉಳಿದ ವೀರ್ಯಾಣು ಸಾಕು. ಗಾಯ ಒಣಗಿದ ಮೇಲೆ ಊಟವನ್ನು ಕಾಲುಭಾಗದಷ್ಟು ಇಳಿಸಿ, ತಿಂಗಳಿಗೊಮ್ಮೆ ತೂಕ ನೋಡಿ.

ಫೋನಿನಲ್ಲಿ ದರ ಕೇಳುವಾಗ ಹೀಗೆ ಕೇಳಿ: ಇದರಲ್ಲಿ ರಕ್ತಪರೀಕ್ಷೆ ಸೇರಿದೆಯೇ? ಟ್ಯೂಬ್ ಹಾಕುತ್ತೀರಾ, ಮತ್ತು ನೋಡಿಕೊಳ್ಳುವವರು ಯಾರು? ಎಚ್ಚರವಾಗುವವರೆಗೆ ಪಕ್ಕದಲ್ಲಿ ಯಾರಿರುತ್ತಾರೆ? ಮನೆಗೆ ಕೊಡುವ ನೋವಿನ ಔಷಧ, ಕೋನ್, ಮರುಭೇಟಿ ಇದರಲ್ಲೇ ಬಂತೇ? ಬೆದೆಯಲ್ಲಿದ್ದರೆ, ಗಬ್ಬವಾಗಿದ್ದರೆ ಎಷ್ಟು ಹೆಚ್ಚು? ಹೊಲಿಗೆ ಬಿಟ್ಟರೆ ಖರ್ಚು ಯಾರದು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು? ಉತ್ತರಗಳನ್ನು ಕಾಗದದಲ್ಲಿ ಬರೆದುಕೊಂಡು ಮೂರೂ ದರಗಳ ಪಕ್ಕದಲ್ಲಿಟ್ಟು ನೋಡಿ. ಎಷ್ಟೋ ಸಲ ಕಡಿಮೆ ಅನ್ನಿಸಿದ ದರ ಎಲ್ಲ ಸೇರಿಸಿದಾಗ ನಡುವಿನದಕ್ಕಿಂತ ಮೇಲೆ ಹೋಗಿರುತ್ತದೆ.