ಗ್ರೌಂಡ್ ಫ್ಲೋರ್ ಬಾಡಿಗೆ ಯಾಕೆ ಕಮ್ಮಿ ಅಂತ ಓನರ್ ಬಾಯಿಬಿಟ್ಟು ಹೇಳಲಿ

ಬೆಂಗಳೂರಲ್ಲಿ ಸಂಸಾರಸ್ಥರು ಮನೆ ಬದಲಾಯಿಸೋದು ಹೆಚ್ಚಾಗಿ ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್-ಮೇನಲ್ಲಿ. ದೊಡ್ಡ ಮಳೆ ಹೊಯ್ಯೋದು ಸಾಮಾನ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮನೆ ನೋಡೋವಾಗ ನೆಲ ಒಣಗಿರುತ್ತೆ, ಅಡ್ವಾನ್ಸ್ ಕೊಟ್ಟಾಗಿರುತ್ತೆ, ಆಮೇಲೆ ಒಂದು ರಾತ್ರಿ ರಾಜಕಾಲುವೆ, ಅಂದ್ರೆ ಊರಿನ ಮಳೆನೀರು ಹರಿಯೋ ದೊಡ್ಡ ಕಾಲುವೆ, ಮನೆ ಒಳಗೆ ಬರುತ್ತೆ.

ತಂಗಿಗೆ ಮನೆ ಹುಡುಕೋವಾಗ ನಾನೂ ಜೊತೆಗೆ ಹೋಗಿದ್ದೆ. ಹೊಸ ಪೇಂಟಿನ ವಾಸನೆ, ಆ ಏರಿಯಾಗೆ ಕಮ್ಮಿ ಅನ್ನಿಸೋ ಬಾಡಿಗೆ. ಅಡುಗೆಮನೆ ಕಬೋರ್ಡ್ ತೆಗೆದ್ರೆ ಕೆಳಗಿನ ಪ್ಲೈವುಡ್ ಉಬ್ಬಿ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಪ್ಲಗ್ ಪಾಯಿಂಟ್‌ಗಳನ್ನೆಲ್ಲ ಎದೆಮಟ್ಟಕ್ಕೆ ಎತ್ತಿಸಿದ್ರು. ಯಾಕೆ ಅಂದ್ರೆ "ಮಕ್ಕಳ ಸೇಫ್ಟಿಗೆ" ಅಂದ್ರು ಓನರ್. ನಿಜ ಹೇಳಿದ್ದು ಬೀದಿ ಕೊನೆಯ ಅಂಗಡಿಯವರು.

2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್, ಯಮಲೂರಿನ ಎಪ್ಸಿಲಾನ್ ಮುಳುಗಿದಾಗ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಬಂದ್ರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ಗೆ ಬೋಟ್ ಬಂತು. ಅಂಥ ಕಡೆ ಬೆಲೆ ಸ್ವಲ್ಪ ದಿನ ಮಂಕಾಗುತ್ತೆ, ಹತ್ತಿರ ಮೆಟ್ರೋ ಬರುತ್ತೆ ಅಂದ ತಕ್ಷಣ ಮತ್ತೆ ಏರುತ್ತೆ. ಓನರ್‌ಗೆ ಕಾಯೋಕೆ ಆಗುತ್ತೆ. ಫ್ರಿಜ್, ಹಾಸಿಗೆ, ಮಾರ್ಕ್ಸ್ ಕಾರ್ಡ್ ನೀರುಪಾಲಾದ ಬಾಡಿಗೆದಾರರಿಗೆ ಆಗಲ್ಲ.

ಭೋಗ್ಯಕ್ಕೆ ಇದ್ದವರ ಪಾಡಂತೂ ಕೇಳಲೇಬೇಡಿ. ಲಕ್ಷಾಂತರ ದುಡ್ಡು ಓನರ್ ಕೈಲಿರುತ್ತೆ. ಖಾಲಿ ಮಾಡ್ತೀವಿ ಅಂದ್ರೆ "ಬೇರೆ ಪಾರ್ಟಿ ಸಿಗಲಿ, ಕೊಡ್ತೀನಿ" ಅಂತಾರೆ. ನೀರು ನುಗ್ಗಿದ ಮನೆಗೆ ಯಾವ ಪಾರ್ಟಿ ಬರುತ್ತೆ? ಎಲ್ಲ ಓನರ್‌ಗಳೂ ಶ್ರೀಮಂತರಲ್ಲ, ಅದೂ ನಿಜ. ಪಿಎಫ್ ದುಡ್ಡು ಸುರಿದು ಕೊಂಡು, ಇಎಂಐ ಕಟ್ತಾ ಮಾರೋಕೂ ಆಗದೆ ಕೂತವರಿದ್ದಾರೆ. ಅವರಿಗೂ ಮೊದಲು ಯಾರೋ ಮುಚ್ಚಿಟ್ಟೇ ಮಾರಿರ್ತಾರೆ.

1882ರ ಆಸ್ತಿ ವರ್ಗಾವಣೆ ಕಾಯ್ದೆ ಈ ಮುಚ್ಚುಮರೆ ಒಪ್ಪಲ್ಲ. ನೋಡಿದ್ರೆ ಗೊತ್ತಾಗದ ದೊಡ್ಡ ದೋಷ ತನಗೆ ಗೊತ್ತಿದ್ರೆ ಮಾರೋವ್ರು ಹೇಳಲೇಬೇಕು ಅನ್ನುತ್ತೆ 55ನೇ ಸೆಕ್ಷನ್, ಬಾಡಿಗೆಗೆ ಕೊಡೋವ್ರಿಗೂ ಅದೇ ಹೊಣೆ ಹೊರಿಸುತ್ತೆ 108. ಆದ್ರೆ ನಮ್ಮ 11 ತಿಂಗಳ ಅಗ್ರಿಮೆಂಟ್‌ನಲ್ಲಿ ಗೋಡೆಗೆ ಮೊಳೆ ಹೊಡೀಬಾರದು ಅಂತಿರುತ್ತೆ, ನೀರಿನ ಮಾತೇ ಇರಲ್ಲ. ಇ.ಸಿ. (ಋಣಭಾರ ಪತ್ರ) ತೆಗೆಸಿದ್ರೂ ಸಾಲ, ಕ್ರಯ ಕಾಣುತ್ತೆ, ಪ್ರವಾಹ ಕಾಣಲ್ಲ.

ಹಿಂದಿನ ಐದು ವರ್ಷದಲ್ಲಿ ಈ ಮನೆಗೆ ನೀರು ನುಗ್ಗಿದೆಯಾ, ಎಷ್ಟು ಅಡಿ ಅಂತ ಅಗ್ರಿಮೆಂಟ್‌ನಲ್ಲೂ ಕ್ರಯಪತ್ರದಲ್ಲೂ ಬರೆಯೋದನ್ನ ಸರ್ಕಾರ ಕಡ್ಡಾಯ ಮಾಡಬೇಕು. ನೀರು ನುಗ್ಗಿ ಮನೆ ಬಿಟ್ಟವರಿಗೆ ಅಡ್ವಾನ್ಸ್, ಭೋಗ್ಯದ ದುಡ್ಡು ಪೂರ್ತಿ ವಾಪಸ್ ಕೊಡೋಕೆ ಗಡುವೂ ಇರಬೇಕು, ಪೇಂಟಿಂಗ್ ಅಂತ ಒಂದು ರೂಪಾಯಿ ಮುರ್ಕೊಳ್ಳದೆ.